ಏನಾಯ್ತು?

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಹಿರಿಯರು ಹೇಳಿದ್ದಕ್ಕೆಲ್ಲ ‘ಆಯ್ತು’ ಎನ್ನುವವನೇ ಒಳ್ಳೆಯ ಶಿಷ್ಯನಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಚಿಕ್ಕ ವಿಮಾನ. ಮುಂದೆ ಹಿರಿಯ ಪೈಲಟ್ ಮತ್ತು ಕಿರಿಯ ಪೈಲಟ್. ಹಿಂದಿನ ಸೀಟಿನಲ್ಲಿ ಒಬ್ಬ ವ್ಯಾಪಾರಿ. ಹಿರಿಯನಿಗೆ ಎದುರಾಡಿದವರು ಮರುದಿನ ವಿಮಾನ ಹತ್ತುತ್ತಿರಲಿಲ್ಲ. ಅದನ್ನು ಕಂಡಿದ್ದ ಕಿರಿಯ, ಕೆಲಸಕ್ಕಿಂತ ಮೊದಲು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತಿದ್ದ.

ಎರಡು ರೆಕ್ಕೆಗಳಲ್ಲಿ ಎರಡು ಪೆಟ್ರೋಲ್ ಟ್ಯಾಂಕು. ಎಡಗಡೆಯದು ಮುಗಿಯುತ್ತ ಬಂದಿತ್ತು. ಎಂಜಿನ್ನಿಗೆ ಪೆಟ್ರೋಲ್ ಬಿಡುವ ವಾಲ್ವನ್ನು ಬಲಗಡೆಯ ಟ್ಯಾಂಕಿಗೆ ತಿರುಗಿಸು ಎಂದ ಹಿರಿಯ. “ಆಯ್ತು ಸಾರ್” ಎಂದು ಕಿರಿಯ ಕೈ ಚಾಚಿದ. ಅಷ್ಟರಲ್ಲಿ ವ್ಯಾಪಾರಿ ಅವನ ಭುಜ ತಟ್ಟಿ, ಕೆಳಗೆ ಕಾಣುವ ಕೆರೆ ತನ್ನೂರಿನದೋ ಹೆಂಡತಿಯ ತವರಿನದೋ ಎಂದು ಕೇಳಿದ. ತವರಿನದಾದರೆ ಬೇಗ ದಾಟಿಸಿಬಿಡಿ ಎಂದು ನಗೆಯಾಡಿದ. ಕಿರಿಯನೂ ನಕ್ಕ. ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು.

ಹಿರಿಯ ತಿರುಗಿ ನೋಡಲಿಲ್ಲ. ಆಯ್ತು ಎಂದಮೇಲೆ ಆಯ್ತು.

ಗುಡ್ಡಗಳ ಮೇಲೆ ಎಂಜಿನ್ ಕೆಮ್ಮಿತು. ಆಮೇಲೆ ನಿಂತಿತು.

ಹಿರಿಯ ಒಂದೊಂದೇ ಸ್ವಿಚ್ಚು ಒತ್ತಿ ನೋಡಿದ. ಪೆಟ್ರೋಲಿನ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಕಿರಿಯನಿಗೆ ಆಗ ನೆನಪಾಯಿತು. ಹೇಳಿದರೆ ಇನ್ನು ತನ್ನನ್ನು ವಿಮಾನದ ಹತ್ತಿರ ಸೇರಿಸುವುದಿಲ್ಲ ಎಂದುಕೊಂಡ. ಕೆಳಗಿನ ಬಂಡೆಗಳು ದೊಡ್ಡವಾಗುತ್ತಿದ್ದವು. ಸಾಯುವ ಹೊತ್ತಿನಲ್ಲೂ ಅವನು ಹೆದರಿದ್ದು ಬಂಡೆಗಲ್ಲ, ಬೈಗುಳಕ್ಕೆ. ಇಂಥ ವಿನಯಕ್ಕೆ ಬೆಂಕಿ ಬೀಳಲಿ.

ಹಿಂದೆ ವ್ಯಾಪಾರಿ ತನ್ನ ಮಕ್ಕಳ ಹೆಸರು ಹಿಡಿದು ಅಳತೊಡಗಿದ. ಆಗ ಕಿರಿಯನ ಬಾಯಿ ಬಿಚ್ಚಿತು.

“ಸಾರ್, ನಾನು ವಾಲ್ವ್ ತಿರುಗಿಸಿಲ್ಲ.”

“ಆಯ್ತು ಅಂದೆಯಲ್ಲೋ?”

“ಮಾಡ್ತೀನಿ ಅಂತ ಅಂದೆ ಸಾರ್.”

ಅಷ್ಟರಲ್ಲಿ ಹಿರಿಯನ ಕೈ ವಾಲ್ವನ್ನು ತಿರುಗಿಸಿತ್ತು. ಎಂಜಿನ್ ಮತ್ತೆ ಶುರುವಾಯಿತು. ವಿಮಾನ ಮರಗಳ ತುದಿ ಸವರಿಕೊಂಡು ಮೇಲೆದ್ದಿತು.

ಇಳಿದ ಮೇಲೆ ವ್ಯಾಪಾರಿ ನೆಲಕ್ಕೆ ಕೈಮುಗಿದ. ಹಿರಿಯ ಕಿರಿಯನನ್ನು ಬಾಯಿಗೆ ಬಂದಂತೆ ಬೈದು ಮನೆಗೆ ಕಳಿಸಿದ. ತಾನೇಕೆ ತಿರುಗಿ ನೋಡಲಿಲ್ಲ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ. ತನ್ನ ಮುಂದೆ ನಿಜ ಹೇಳಲು ಒಬ್ಬನಿಗೆ ಅಷ್ಟು ಹೊತ್ತು ಏಕೆ ಬೇಕಾಯಿತು ಎಂದೂ ಕೇಳಿಕೊಳ್ಳಲಿಲ್ಲ. ಮರುದಿನ ಅವನ ಪಕ್ಕದಲ್ಲಿ ಇನ್ನೊಬ್ಬ ಕಿರಿಯ ಕುಳಿತಿದ್ದ. ಅವನೂ “ಆಯ್ತು ಸಾರ್” ಎನ್ನುತ್ತಿದ್ದ.

ಕತೆ ಮುಗಿಯಿತು. ಶಿಷ್ಯ ತಲೆಬಾಗಿ, “ಆಯ್ತು ಗುರುಗಳೇ” ಎಂದ.

ಗುರುಗಳು ಕೇಳಿದರು: “ಏನಾಯ್ತು?”