ಅನ್ನಮ್ಮನವರ ಬಾವುಟದ ಹೂವು

ಇನ್ನಾಸಮ್ಮನ ಕೈಲಿ ಏನೂ ಆಗದು ಎಂದು ಮೊದಲು ಹೇಳಿದವಳು ಪಕ್ಕದ ಬೆಂಚಿನ ರೆಜಿನಾ. ತಂದೆ ತೀರಿಕೊಂಡು, ಎಂಟನೇ ತರಗತಿಯ ನಡುವೆಯೇ ಇನ್ನಾಸಮ್ಮ ಶಾಲೆ ಬಿಟ್ಟ ದಿನ, ರೆಜಿನಾ ಗೇಟಿನ ಬಳಿ ನಿಂತು ನಕ್ಕಿದ್ದಳು.

"ಹೋಗೇ, ಗುಂಡಿ ಹೊಲ್ಕೊಂಡು ಕೂತ್ಕೋ. ನೀನು ಅಂಗಡಿ ಇಟ್ಟ ದಿನ ನಾನು ಪೋಪ್ ಆಗ್ತೀನಿ!"

ರೆಜಿನಾ ಪೋಪ್ ಆಗಲಿಲ್ಲ, ಅದೇ ಸಂತ ಅನ್ನಮ್ಮನವರ ಬಾಲಕಿಯರ ಪ್ರೌಢಶಾಲೆಗೆ ಟೀಚರಾದಳು. ಇನ್ನಾಸಮ್ಮ ಅಂಗಡಿ ಇಟ್ಟಳು. ಬಟ್ಟೆ ಸುತ್ತಿ ಬಂದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಬಿಡಿಸಿ ಓದುತ್ತಲೇ ಓದುಗಾರ್ತಿಯೂ ಆದಳು. ಇಡೀ ಶಾಲೆಯ ಸಮವಸ್ತ್ರ ಅವಳ ಯಂತ್ರದಿಂದಲೇ ಹೊರಬರುತ್ತಿತ್ತು. ಆದರೂ ಒಂದು ಮುಳ್ಳು ಎದೆಯಲ್ಲಿ ಉಳಿದೇ ಇತ್ತು.

ಆ ಶಾಲೆಗೆ, ನಡುವೆ ಅನ್ನಮ್ಮನವರ ಚಿತ್ರವಿರುವ ಒಂದು ನೀಲಿ ಬಾವುಟವಿದೆ. ಹತ್ತನೇ ತರಗತಿ ಮುಗಿಸಿ ಹೊರಡುವ ಪ್ರತಿ ಹುಡುಗಿಯೂ ಅದರ ಮೇಲೆ ಬಿಳಿ ರೇಷ್ಮೆಯಲ್ಲಿ ಒಂದು ಪುಟ್ಟ ಲಿಲ್ಲಿ ಹೂವು ಕಸೂತಿ ಹಾಕಿ ಹೋಗಬೇಕು. ಹೆಸರು ಬರೆಯುವಂತಿಲ್ಲ. ಯಾವ ಹೂವು ಯಾರದೆಂದು ಹಾಕಿದವಳಿಗೆ ಗೊತ್ತು, ದೇವರಿಗೆ ಗೊತ್ತು. ಅನ್ನಮ್ಮನವರ ಹಬ್ಬದ ದಿನ ಹಳೆಯ ವಿದ್ಯಾರ್ಥಿನಿಯರು ಬಂದು ತಮ್ಮ ತಮ್ಮ ಹೂವು ಮುಟ್ಟಿ ಶಿಲುಬೆ ಗುರುತು ಹಾಕಿಕೊಂಡ ಮೇಲೆಯೇ ಮೆರವಣಿಗೆ ಹೊರಡುವುದು. ಇನ್ನಾಸಮ್ಮ ಪ್ರತಿ ವರ್ಷವೂ ಹೊಲಿದ ಬಟ್ಟೆಯ ಗಂಟು ಹೊತ್ತು ದೂರದಲ್ಲಿ ನಿಂತು ನೋಡುತ್ತಿದ್ದಳು. ಯಾರು ಯಾವ ಹೂವು ಮುಟ್ಟಿದರೆಂದು ಅಲ್ಲಿಂದ ಕಾಣುತ್ತಿರಲಿಲ್ಲ.

ಆಗ ಶಾಲೆಯ ಹಿರಿಯರಾಗಿದ್ದವರು ಪೂಜ್ಯ ಮದರ್ ಬೆನಿಗ್ನಾ. ಅನಾಥ ಮಗುವಾಗಿ ಅಲ್ಲಿನ ಹಾಸ್ಟೆಲಿಗೆ ಬಂದು, ಅಲ್ಲಿಯೇ ಓದಿ ಕನ್ಯಾಸ್ತ್ರೀಯಾದವರು. ಬಾಲ್ಯದಲ್ಲಿ ಬೆಂಕಿ ತಗುಲಿ ಅವರ ಬಲಗೈ ಬೆರಳುಗಳು ಮುದುಡಿದ್ದವು. ಆ ಕೈಯಲ್ಲೇ ಅಡುಗೆಮನೆಯ ಹಿಂದೆ ಮಣೆಯ ಮೇಲೆ ಕುಳಿತು ಮಕ್ಕಳ ಅನ್ನದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

ಆ ವರ್ಷ ಬಾವುಟದ ಅಂಚು ಹರಿದಿತ್ತು. ಮದರ್ ಅದನ್ನು ಇನ್ನಾಸಮ್ಮನ ಅಂಗಡಿಗೆ ತಾವೇ ತಂದುಕೊಟ್ಟರು. "ಸಡಿಲವಾದ ಹೂವುಗಳನ್ನೂ ಭದ್ರ ಮಾಡಮ್ಮ," ಎಂದಷ್ಟೇ ಹೇಳಿ ಹೋದರು.

ಇನ್ನಾಸಮ್ಮ ಒಂದೊಂದೇ ಹೂವನ್ನು ಬಿಗಿ ಮಾಡುತ್ತ ಬಂದಳು. ಅನ್ನಮ್ಮನವರ ಚಿತ್ರದ ಪಾದದ ಬಳಿ ಕೈ ನಿಂತಿತು. ಎಲ್ಲಕ್ಕಿಂತ ಒಳ್ಳೆಯ ಜಾಗ, ಎಲ್ಲಕ್ಕಿಂತ ಕೆಟ್ಟ ಹೊಲಿಗೆ. ದಂಟು ಸೊಟ್ಟ, ಎಸಳು ಒಂದು ಅಲ್ಲಿ, ಒಂದು ಇಲ್ಲಿ. ಹೊಲಿಗೆ ಪಾಠದಲ್ಲಿ ರೆಜಿನಾಳ ಕೈ ಹೀಗೇ ಇತ್ತು. ಮುಂದಿನ ಜಾಗ ಹಿಡಿಯುವುದೂ ಅವಳದೇ ಚಾಳಿ.

"ಇದು ನಿಂದೇ ಕಣೇ," ಎಂದು ಹಲ್ಲು ಕಚ್ಚಿದಳು. ಹೊಟ್ಟೆಯ ಕಿಚ್ಚು ಕತ್ತರಿಗೆ ಇಳಿಯಿತು. ಹೂವನ್ನು ಎಳೆ ಎಳೆಯಾಗಿ ಬಿಚ್ಚಿ ಎಸೆದಳು. ಆ ಜಾಗದಲ್ಲಿ ತನ್ನದೇ ಒಂದು ಲಿಲ್ಲಿ ಅರಳಿಸಿದಳು. ಇಡೀ ಬಾವುಟದಲ್ಲಿ ಅಷ್ಟು ಚೆಂದದ ಹೂವು ಬೇರೊಂದಿರಲಿಲ್ಲ.

ಹಬ್ಬದ ಬೆಳಿಗ್ಗೆ ಅವಳು ಗಂಟು ಹೊರದೆ, ಮುಂದಿನ ಸಾಲಿಗೇ ಬಂದು ನಿಂತಳು. ರೆಜಿನಾಳ ಮುಖ ನೋಡಬೇಕಿತ್ತು.

ರೆಜಿನಾ ಬಂದಳು. ಪಾದದ ಕಡೆ ತಿರುಗಿಯೂ ನೋಡದೆ ಮೇಲಿನ ಮೂಲೆಯ ಒಂದು ಹೂವಿಗೆ ಕೈ ಚಾಚಿದಳು. "ಏ ಇನ್ನಾಸಿ! ನನ್ನ ಹೂವಿನ ಎಸಳು ಉದುರೋ ಹಾಗಿತ್ತಲ್ಲೇ. ಎಷ್ಟು ಚೆನ್ನಾಗಿ ಕಟ್ಟಿದ್ದೀಯೇ, ಮಾರಾಯ್ತಿ!"

ಹಾಗಾದರೆ ಇನ್ನಾಸಮ್ಮ ಕಿತ್ತ ಹೂವು ಯಾರದು?

ಎಲ್ಲರೂ ಮುಟ್ಟಿ ಮುಗಿದ ಮೇಲೆ, ಕೊನೆಯವರಾಗಿ ಮದರ್ ಬೆನಿಗ್ನಾ ಬಂದರು. ಬಾಗಿ, ಮುದುಡಿದ ಬೆರಳುಗಳನ್ನು ಅನ್ನಮ್ಮನವರ ಪಾದದ ಬಳಿಗೆ ಒಯ್ದರು. ಹೊಸ ರೇಷ್ಮೆಯ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ಮತ್ತೆ ಎಂದಿನಂತೆ ಶಿಲುಬೆ ಗುರುತು ಹಾಕಿಕೊಂಡು, "ಹೊರಡೋಣ ಮಕ್ಕಳೇ," ಎಂದರು.

ಮೆರವಣಿಗೆ ಮುಗಿಯುವುದನ್ನೇ ಕಾದು ಇನ್ನಾಸಮ್ಮ ಅಡುಗೆಮನೆಯ ಹಿಂದಕ್ಕೆ ಓಡಿದಳು. ಮದರ್ ಹಬ್ಬದೂಟದ ಎಲೆ ಒರೆಸುತ್ತಿದ್ದರು. ಅವಳು ನೆಲಕ್ಕೆ ಕುಸಿದು ಎಲ್ಲವನ್ನೂ ಹೇಳಿದಳು.

"ರೆಜಿನಾಳದು ಅಂದ್ಕೊಂಡು ಕಿತ್ತೆ, ಮದರ್. ಹೊಟ್ಟೆಕಿಚ್ಚು. ಈಗಲೇ ನನ್ನ ಹೂವು ಬಿಚ್ಚಿಬಿಡ್ತೀನಿ."

"ಬೇಡ." ಮದರ್ ಎಲೆಯನ್ನು ಪಕ್ಕಕ್ಕಿಟ್ಟರು. "ಇಷ್ಟು ವರ್ಷ ನಿನಗೋಸ್ಕರ ಜಾಗ ಹಿಡಿದಿಟ್ಟಿದ್ದೆ ಅಂತ ನನಗೇ ತಿಳಿದಿರಲಿಲ್ಲ, ಮಗಳೇ. ಆ ಹೂವು ನಿನ್ನದು. ಹೋಗು, ಇವತ್ತು ರೆಜಿನಾಳ ಪಕ್ಕ ಕೂತು ಊಟ ಮಾಡು."

ಇನ್ನಾಸಮ್ಮ ಹೋಗಿ ಕುಳಿತಳು. ಅನ್ನ ಬಡಿಸುವ ಮುಂಚೆಯೇ ರೆಜಿನಾಳಿಗೂ ನಿಜ ಹೇಳಿದಳು. ರೆಜಿನಾ ತನ್ನ ಎಲೆಯ ಹಪ್ಪಳವನ್ನು ಮುರಿದು ಅರ್ಧ ಇವಳ ಎಲೆಗೆ ಹಾಕಿದಳು. "ತಿನ್ನೇ. ಪೋಪ್ ಆಗೋ ಯೋಗ ನನಗಂತೂ ಇರಲಿಲ್ಲ."

ಅಂದಿನಿಂದ ಇನ್ನಾಸಮ್ಮ ಯಾರ ಹೂವನ್ನೂ ಎಣಿಸಿ ಹೋಲಿಸಿದವಳಲ್ಲ. ಮದರ್ ದೈವಾಧೀನರಾದರು. ಇಂದು ಅವಳಿಗೆ ಪೇಟೆ ಬೀದಿಯಲ್ಲಿ ಸ್ವಂತ ಕಟ್ಟಡವಿದೆ, ಸಾಲು ಹೊಲಿಗೆ ಯಂತ್ರಗಳಿವೆ. ಅವೆಲ್ಲ ಅವಳ ಬೆವರಿನವು. ಅನ್ನಮ್ಮನವರ ಪಾದದ ಬಳಿ ಒಂದು ಹೂವೂ ಇದೆ. ಅದಕ್ಕೆ ಬೆಲೆ ತೆತ್ತವರು ಮಾತ್ರ ಮದರ್ ಬೆನಿಗ್ನಾ. ಈ ಲೋಕದಲ್ಲಿ ತಮ್ಮದೆಂದು ಅವರಿಗಿದ್ದದ್ದು ಅದೊಂದೇ ಸೊಟ್ಟ ಹೂವು.