ಒಬ್ಬೊಬ್ಬರನ್ನೇ ದಾಟಿಸಿದ ತಿಪ್ಪವ್ವ

ಹೊಳೆಗೆ ಇನ್ನೂ ಸೇತುವೆ ಗೊತ್ತಿಲ್ಲದ ಕಾಲದಲ್ಲಿ, ದಂಡೆಯ ಮೇಲಿನ ಒಂದೂರಲ್ಲಿ, ಅಂಬಿಗರ ತಿಪ್ಪವ್ವ ಅಂತ ಒಬ್ಬಳಿದ್ದಳಂತೆ. ಗಂಡ ಸತ್ತ ಮೇಲೆ ಅವಳೇ ಹರಿಗೋಲಿನ ಹುಟ್ಟು ಹಿಡಿದಾಗ ಮೈದುನ ನಕ್ಕನಂತೆ.

"ವೈನಿ, ನಿನ್ನ ಕೈಲೆ ಆಗೂದಲ್ಲ ಬಿಡು. ಒಂದು ಮಳಿಗಾಲಕ್ಕ ನೀನೂ ಇರೂದಿಲ್ಲ, ಹರಿಗೋಲೂ ಇರೂದಿಲ್ಲ."

ಊರಗೌಡನೂ ಹೌದೌದು ಅಂದನಂತೆ. ಒಂದಲ್ಲ, ಏಳು ಮಳೆಗಾಲ ಕಳೆದವು. ತಿಪ್ಪವ್ವ ಮುಳುಗಲಿಲ್ಲ.

ಆ ಊರಿಗೆ ಜರತಾರಿ ಸೀರೆಯ ಒಬ್ಬ ಹೆಂಗಸು ಬಂದಳಂತೆ. "ನನಗ ಏಳು ಗಂಡುಮಕ್ಕಳು. ನಿಮ್ಮೂರಿಂದನ ವರ್ಷಕ್ಕೊಬ್ಬಳಂಗ ಏಳು ಸೊಸೆಯರು ಬೇಕು. ಒಂದು ಕಾಸೂ ಬ್ಯಾಡ" ಅಂದಳಂತೆ. ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಗಂಡಿನ ಮನೆ ನೋಡಿ, ಅಲ್ಲಿ ಉಂಡು ಬರುವುದು ಆ ಊರ ಪದ್ಧತಿ. "ಏಳು ದಿನದ ಹಾದಿ, ಯಾಕ ತ್ರಾಸು?" ಅಂದಳು ಅವಳು. ಗೌಡನಿಗೆ ಒಂದು ಶಾಲು ಹೊದಿಸಿದಳು. "ದೊಡ್ಡ ಮನೆತನ, ನಾ ಹೇಳತೀನಲ್ಲ" ಅಂದ ಗೌಡ. ಪದ್ಧತಿ ಅಲ್ಲಿಗೆ ನಿಂತಿತು.

ಮೊದಲ ವರ್ಷ ಊರ ಹುಡುಗಿ ಸುಬ್ಬಿ ಸೊಸೆಯಾಗಿ ಹೋದಳು. ಎರಡನೇ ವರ್ಷ ಗಂಗಿ ಹೋದಳು. ಇಬ್ಬರನ್ನೂ ದಾಟಿಸಿದ್ದು ತಿಪ್ಪವ್ವನೇ. ಮದುವೆಯಾದ ಹೆಣ್ಣು ಪಂಚಮಿಗೆ ತವರಿಗೆ ಬರಬೇಕು. ಬರಲು ಇದೊಂದೇ ಹರಿಗೋಲು. ಪಂಚಮಿ ಬಂತು, ಹೋಯಿತು. ತಿಪ್ಪವ್ವ ಆಚೆ ದಡ ನೋಡಿದಳು, ನೋಡಿದಳು. ಸುಬ್ಬಿ ಬರಲಿಲ್ಲ, ಗಂಗಿ ಬರಲಿಲ್ಲ.

ಮೂರನೇ ವರ್ಷ ಆ ಹೆಂಗಸು ಮೂರನೇ ಮಗನೊಂದಿಗೆ ಬಂದಳು. ಈ ಸಲ ಹಂಪವ್ವನ ಮಗಳು ದುರುಗಿ. ಮೊನ್ನೆ ಮೊನ್ನೆ ಸೀರೆ ಉಟ್ಟ ಹುಡುಗಿ.

"ಹಂಪವ್ವಾ, ಮನಿ ನೋಡಿ ಬಂದಿಯೇನು?"

"ಗೌಡರು ಹೇಳ್ಯಾರ ಯಕ್ಕಾ."

"ಎಮ್ಮಿ ಕೊಳ್ಳುವಾಗ ಗೌಡರನ್ನ ಕೇಳಿದೇನು? ಹಲ್ಲು ನೋಡಿದಿ, ಕೆಚ್ಚಲು ಹಿಂಡಿ ನೋಡಿದಿ. ಮಗಳಿಗೆ ಅಷ್ಟೂ ಇಲ್ಲೇನ?"

ಊರವರು ಗುರುಗುಟ್ಟಿದರು. "ಶುಭಕಾರ್ಯಕ್ಕ ಮುಂಡೆ ಬಾಯಿ ಹಾಕತಾಳ!"

ತಿಪ್ಪವ್ವ ತಣ್ಣಗೆ ಅಂದಳಂತೆ: "ಹೊಳಿ ತುಂಬೈತಿ. ಒಂದು ಸಲಕ್ಕ ಒಬ್ಬರನ್ನ ದಾಟಸ್ತೀನಿ. ಮೊದಲು ಮದುಮಗ, ಆಮೇಲೆ ಅತ್ತಿ, ಕಡೀಕ ಹುಡುಗಿ."

ಮದುಮಗ ಹತ್ತಿದ. ತಿಪ್ಪವ್ವ ಹುಟ್ಟು ಹಾಕುತ್ತ ಕೇಳಿದಳು.

"ಸೊಸಿ ಬಂದ ಕೂಡಲೆ ಯಾವ ದೇವರಿಗೆ ಕೈ ಮುಗೀಬೇಕಪಾ?"

"ಹನುಮಪ್ಪಗ."

"ತಲಬಾಗಿಲು ಎತ್ತಾಗೈತಿ?"

"ಮೂಡಲಕ್ಕ."

"ನಿಮ್ಮವ್ವನ ತವರುಮನಿ?"

ಅವನು ತಡವರಿಸಿ "ಹೊಸೂರು" ಅಂದ. ನಡುಹೊಳೆಯಲ್ಲಿ ಆನೆಯಷ್ಟು ದೊಡ್ಡ ಬಂಡೆಯಿತ್ತು. "ಮುಂದ ಸೆಳವು ಜೋರೈತಿ, ಇಲ್ಲೇ ನಿಂದರು" ಅಂತ ಅವನನ್ನು ಅದರ ಮೇಲೆ ಇಳಿಸಿದಳು.

ಮರಳಿ ಹೋಗಿ ಹೆಂಗಸನ್ನು ಹತ್ತಿಸಿಕೊಂಡಳು. ಅದೇ ಮೂರು ಮಾತು ಕೇಳಿದಳು.

"ಮನಿದೇವರು ಎಲ್ಲಮ್ಮ. ಬಾಗಿಲು ಪಡುವಲಕ್ಕ. ನನ್ನ ತವರು ಕೆಂಪಾಪುರ. ಯಾಕ ಕೇಳತಿ?"

ತಿಪ್ಪವ್ವ ಅವಳನ್ನೂ ಬಂಡೆಯ ಮೇಲೆ ಇಳಿಸಿ, ಹರಿಗೋಲನ್ನು ದೂರ ತಳ್ಳಿಕೊಂಡಳಂತೆ.

"ಒಂದ ಮನಿ, ಒಂದ ಬಾಗಿಲು. ಅವನಿಗೆ ಮೂಡಲಕ್ಕೈತಿ, ನಿನಗ ಪಡುವಲಕ್ಕೈತಿ. ಹೆತ್ತ ಮಗನಿಗೆ ಅವ್ವನ ತವರು ಗೊತ್ತಿಲ್ಲ. ಹೊಳಿ ಏರಲಿಕ್ಕತ್ತೈತಿ. ನನ್ನ ಸುಬ್ಬಿ ಎಲ್ಲಿ? ನನ್ನ ಗಂಗಿ ಎಲ್ಲಿ?"

ನೀರು ಪಾದಕ್ಕೆ ಬಂತು. ಮೊಣಕಾಲಿಗೆ ಬಂತು. ಹೆಂಗಸು ಬೊಬ್ಬೆ ಹೊಡೆದಳು. "ಮಾರೀನಿ! ದೂರದ ಪಟ್ಟಣದಾಗ ಮಾರೀನಿ! ಇವ ನನ್ನ ಮಗ ಅಲ್ಲ, ಕೂಲಿಯವ!"

ಇಡೀ ದಂಡೆಗೆ ಕೇಳಿಸಿತು. ಹಂಪವ್ವ ದುರುಗಿಯನ್ನು ಅಪ್ಪಿಕೊಂಡಳು. ಗೌಡ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ಕೆಳಗೆ ಬಿಟ್ಟನಂತೆ.

ತಿಪ್ಪವ್ವ ಇಬ್ಬರನ್ನೂ ಬಂಡೆಯಿಂದ ದಂಡೆಗೆ ತಂದಿಳಿಸಿದಳು. "ಎತ್ತಿಕೋ ಗೌಡಾ" ಅಂದಳು. "ಎರಡು ಹೆಣ್ಣಿನ ಬೆಲಿ ಅದು."

ತಳವಾರರು ಇಬ್ಬರನ್ನೂ ಕಟ್ಟಿ ರಾಜನ ಬಳಿಗೆ ಒಯ್ದರು. ರಾಜನ ಆಳುಗಳು ಪಟ್ಟಣ ಶೋಧಿಸಿದರು. ಸುಬ್ಬಿ ಸಿಕ್ಕಳು. ಗಂಗಿ ಸಿಗಲಿಲ್ಲ. "ಏನು ಬೇಕು ಕೇಳು" ಅಂದ ರಾಜ. "ಹೆಣ್ಣಿನವರು ಗಂಡಿನ ಮನಿ ಕಂಡು, ಉಂಡು ಬರೂತನಕ ಯಾವ ಮದುಮಗಳೂ ಈ ಹೊಳಿ ದಾಟಬಾರದು. ತಡೆಯೋ ಹಕ್ಕು ನನಗಿರಲಿ" ಅಂದಳು ತಿಪ್ಪವ್ವ. ರಾಜ ಹೂಂ ಅಂದ.

ಈಗ ಆ ದಂಡೆ ತಿಪ್ಪವ್ವನದು, ರಾಜ ಕೊಟ್ಟದ್ದೂ ಸೇರಿ ಎರಡು ಹರಿಗೋಲು ಅವಳವು, ಹೋಗಗೊಡುವ ಮಾತೂ ತಡೆಯುವ ಮಾತೂ ಅವಳದೇ. ಅದಕ್ಕೆ ತೆತ್ತದ್ದು ಗಂಗಿಯನ್ನು. ಹೇಳಿದ ನಾನು ಈ ದಡ, ಕೇಳಿದ ನೀವು ಆ ದಡ, ಗಂಗಿ ಇನ್ನೂ ಬಂದಿಲ್ಲವಂತೆ.