ಚೌಡ ಸಾಕಿದ ಕೋಡಿಲ್ಲದ ಕರು

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಚೌಡ. ಒಬ್ಬನೇ ಆದರೂ ಊರಿಗೆಲ್ಲ ಸಾಲುವಷ್ಟು ಪೆದ್ದ. ಹೇಳಿದ್ದನ್ನು ಹೇಳಿದಂತೆಯೇ ಮಾಡುವನು. ಹೇಳದ್ದನ್ನು ಸತ್ತರೂ ಮಾಡನು. ತಾಯಿಯ ಕಣ್ಣುಗಳು ವರ್ಷದಿಂದ ಮಂಜಾಗುತ್ತಿದ್ದವು. ತಾನು ಹೋದ ಮೇಲೆ ಇವನ ಅನ್ನಕ್ಕೆ ಕೊಟ್ಟಿಗೆಯ ಹಸುವಿನ ಹೆಣ್ಣುಗರುವೊಂದೇ ದಾರಿ ಎಂದು ಅವಳು ನಂಬಿದ್ದಳು. ಆದರೆ ಕೋಡು ಎದುರಿಗೆ ಬಂದರೂ ಪಕ್ಕಕ್ಕೆ ಸರಿಯುವ ಬುದ್ಧಿ ಅವನಿಗಿಲ್ಲ. ಆದ್ದರಿಂದ ಪಶುವೈದ್ಯರನ್ನು ಕರೆಸಿ, ಕೋಡು ಬೆಳೆಯದಂತೆ ತಿಂಗಳ ಕರುವಿನ ಕೋಡಿನ ಮೊಳಕೆಗಳನ್ನು ಸುಡಿಸಿದಳು.

"ಗಾಯದ ಮೇಲೆ ನೊಣ ಕೂರಬಾರದು," ಎಂದು ಹೇಳಿ ವೈದ್ಯರು ಹೋದರು.

ಚೌಡ ಬೇವಿನ ಸೊಪ್ಪು ಹಿಡಿದು ಕಾವಲು ಕುಳಿತ. ಒಂದು ನೊಣವೂ ಕೂರಲಿಲ್ಲ. ಕಾಗೆ ಕೂತಿತು, ಕುಕ್ಕಿತು, ರಕ್ತ ಬಂತು.

"ಅಯ್ಯೋ ಮಂಕೇ! ಕಾಗೆಯನ್ನು ಓಡಿಸಬಾರದಿತ್ತೇ?"

"ಅದು ನೊಣ ಅಲ್ಲ ಕಣವ್ವ!"

"ಯಾವುದಾದರೇನು! ತಲೆಯ ಹತ್ತಿರ ಬಂದದ್ದನ್ನೆಲ್ಲ ಬಡಿದು ಓಡಿಸು!"

"ಆಗಲಿ ಅವ್ವ."

ಮರುದಿನ ತಲೆಯ ಹತ್ತಿರ ಬಂದವರು ಮುಲಾಮು ಹಿಡಿದ ವೈದ್ಯರು. ಚೌಡ ಬಡಿದ. ಅವರ ಕನ್ನಡಕ ಗಂಜಲದ ಗುಂಡಿಗೆ ಬಿತ್ತು.

"ಏನಮ್ಮಾ, ಕರುವಿಗಿಂತ ಮೊದಲು ಮಗನಿಗೆ ಮೂಗುದಾರ ಹಾಕಬಾರದೇ!"

ಹೊಂಬಾಳಮ್ಮ ಕನ್ನಡಕ ತೊಳೆದುಕೊಟ್ಟು ಕೈಮುಗಿದಳು. ಮಗನ ಕಡೆ ತಿರುಗಿ, "ಪಾಪಿ! ಔಷಧಿ ಹಚ್ಚುವವರ ಮೇಲೆ ಕೈಯೆತ್ತುವುದೇ? ಅವರು ಹೇಳಿದ ಮಾತು ಒಂದು ಕೂದಲಷ್ಟೂ ತಪ್ಪಬಾರದು!" ಎಂದಳು.

"ಆಗಲಿ ಅವ್ವ."

ವೈದ್ಯರು ಮುಲಾಮು ಹಚ್ಚಿ ಹೇಳಿದರು: "ಗಾಯ ಆರುವ ತನಕ ಇದರ ತಲೆ ಎಲ್ಲಿಗೂ ತಾಗಕೂಡದು."

ಅಂದೇ ಹೊಂಬಾಳಮ್ಮ ಚಳಿಜ್ವರದಿಂದ ಮಲಗಿದಳು. ನಾಲ್ಕನೆಯ ದಿನ ಗೋಡೆ ಹಿಡಿದು ಕೊಟ್ಟಿಗೆಗೆ ಬಂದಳು. ಹಸುವಿನ ಕೆಚ್ಚಲು ಕಲ್ಲಿನಂತೆ ಬಿಗಿದಿತ್ತು. ಕರು ಕೊಟ್ಟಿಗೆಯ ಹೊರಗೆ, ಬಯಲ ನಡುವೆ ಒಂಟಿ ಗೂಟಕ್ಕೆ ಕಟ್ಟಿಸಿಕೊಂಡು ಬಿದ್ದಿತ್ತು, ಎಬ್ಬಿಸಿದರೂ ಏಳಲಿಲ್ಲ. ಗಾಯ ಮಾತ್ರ ಚೆನ್ನಾಗಿ ಒಣಗಿತ್ತು.

"ಹಾಲು ಕುಡಿಸಲಿಲ್ಲವೇನೋ?"

"ಹೇಗೆ ಕುಡಿಸಲಿ ಅವ್ವ? ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತದೆ. ತಲೆ ತಾಗುವುದಿಲ್ಲವೇ!"

ಸಂಜೆಗೆ ಕರು ಸತ್ತಿತು. ಹೊಂಬಾಳಮ್ಮ ಎದೆ ಬಡಿದುಕೊಂಡಳು.

"ಮುಂಡೇದೇ! ಮೊದಲು ಕರುವಿನ ಹೊಟ್ಟೆ ತುಂಬಬೇಕು! ಮಿಕ್ಕದ್ದೆಲ್ಲ ಆಮೇಲೆ! ತಿಳಿಯಿತೇ?"

"ತಿಳಿಯಿತು ಅವ್ವ."

ಕರುವಿಲ್ಲದೆ ಹಸು ಹಾಲು ಇಳಿಸದು. ಊರ ರೂಢಿಯಂತೆ ಅವಳು ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ, ಹೊಲಿಸಿ, ಹಸುವಿನ ಮುಂದೆ ನಿಲ್ಲಿಸಿದಳು. ಹಸು ಮೂಸಿತು, ನೆಕ್ಕಿತು, ಹಾಲು ಇಳಿಸಿತು. ಹೊಂಬಾಳಮ್ಮ ಕೈಯಲ್ಲಿ ತಡವಿಕೊಂಡೇ ಒಂದು ತಂಬಿಗೆ ಕರೆದಳು. ಇವನ ಗಂಜಿಗೆ ಇಷ್ಟಾದರೂ ಉಳಿಯಿತಲ್ಲ ಎಂದುಕೊಂಡು, "ಒಳಗೆ ಇಡಪ್ಪ," ಎಂದು ಮಗನ ಕೈಗೆ ಕೊಟ್ಟು ಒಲೆ ಹಚ್ಚಲು ಹೋದಳು.

ಒಲೆ ಉರಿದು ಕೆಂಡವಾಯಿತು. ಹಾಲು ಬರಲಿಲ್ಲ. ಕೊಟ್ಟಿಗೆಗೆ ಬಂದರೆ ಪಾದಕ್ಕೆ ಒದ್ದೆ ತಗುಲಿತು. ಚೌಡ ತೊಗಲಿನ ಬಾಯಿಯ ಹೊಲಿಗೆ ಬಿಚ್ಚಿ, ಬರಿದಾದ ತಂಬಿಗೆಯನ್ನು ಅದಕ್ಕೆ ಹಿಡಿದು ನಿಂತಿದ್ದ.

"ಇನ್ನೊಂದು ತಂಬಿಗೆ ಕರೆಯವ್ವ," ಎಂದ. "ಇದರ ಹೊಟ್ಟೆ ಇನ್ನೂ ತುಂಬಿಲ್ಲ."